ಎರಡು ಸುಗ್ಗಿಯ ಕಂಪ್ಯೂಟರ್

‘ಐ7 ಗೇಮಿಂಗ್ ಪಿಸಿ. 16 ಜಿಬಿ ರ‍್ಯಾಮ್. 4 ಜಿಬಿ ಗ್ರಾಫಿಕ್ಸ್.’ ಗಾಜಿನ ಬಾಗಿಲಿನ ಕ್ಯಾಬಿನೆಟ್ಟು, ಒಳಗೆ ಬಣ್ಣ ಬದಲಿಸುತ್ತ ತಿರುಗುವ ನಾಲ್ಕು ಫ್ಯಾನು, ಮೇಲೊಂದು ಚೀಟಿ. ಬೆಲೆ ಇಪ್ಪತ್ತು-ಇಪ್ಪತ್ತೈದು ಸಾವಿರದ ಆಸುಪಾಸು. ಆನ್‌ಲೈನ್ ಮಳಿಗೆಗಳಲ್ಲೂ ಊರಿನ ಅಂಗಡಿಗಳಲ್ಲೂ ಇಂಥ ‘ಸೆಟ್’ ಈಗ ಸಾಮಾನ್ಯ. ಮೊದಲ ಸಲ ಕಂಪ್ಯೂಟರ್ ಕೊಳ್ಳುವ ಹುಡುಗ ಹುಡುಗಿಯರ ಕಣ್ಣು ಅಲ್ಲೇ ನಿಲ್ಲುತ್ತದೆ. ಚೀಟಿಯಲ್ಲಿರುವ ಯಾವುದೂ ಸುಳ್ಳಲ್ಲ. ಆದರೆ ಆಟ ಹೇಗೆ ಓಡುತ್ತದೆ ಎಂಬುದನ್ನು ಅದರಲ್ಲಿರುವ ಒಂದು ಮಾತೂ ಹೇಳುವುದಿಲ್ಲ.

ಪಕ್ಕದ ಬಾಗಿಲು ಬಿಚ್ಚಿ ನೋಡಿದರೆ ಕಥೆ ಬೇರೆ. ಇಂಥ ಸೆಟ್ಟುಗಳಲ್ಲಿ ಮತ್ತೆ ಮತ್ತೆ ಸಿಗುವುದು ಐ7-2600 ಎಂಬ ಪ್ರೊಸೆಸರ್. ಅದು ಹೊರಬಂದದ್ದು 2011ರಲ್ಲಿ, ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಸೂಚಿ ಮಾನ್ಯತೆ ಸಿಕ್ಕ ವರ್ಷ. ನಾಲ್ಕು ಕೋರು, ಎಂಟು ಥ್ರೆಡ್ಡು. 2022ರ ಐ3-12100ರಲ್ಲೂ ಇರುವುದು ಅಷ್ಟೇ, ಆದರೆ ಅದರ ಒಂದೊಂದು ಕೋರು ಹಳೆಯದರ ಸುಮಾರು ದುಪ್ಪಟ್ಟು ಕೆಲಸ ಮಾಡುತ್ತದೆ. ಐ ಪಕ್ಕದ 7 ದೊಡ್ಡದು, 3 ಚಿಕ್ಕದು ಎಂಬ ಲೆಕ್ಕ ಒಂದೇ ಪೀಳಿಗೆಯೊಳಗೆ ಮಾತ್ರ ನಡೆಯುತ್ತದೆ. ವಿಂಡೋಸ್ 10ಕ್ಕೆ ಸಿಗುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಇಂಟೆಲ್‌ನ ಎಂಟನೇ ಪೀಳಿಗೆಗಿಂತ ಹಳೆಯ, ಈ ಐ7-2600ರಂಥ ಪ್ರೊಸೆಸರುಗಳನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ. ಅಡ್ಡದಾರಿಯಲ್ಲಿ ಹಾಕಿಸಿಕೊಂಡರೂ, ಹುಡುಗರು ಯಾವ ಆಟಕ್ಕಾಗಿ ಕಂಪ್ಯೂಟರ್ ಕೇಳುತ್ತಾರೋ ಆ ವ್ಯಾಲೊರೆಂಟ್ ವಿಂಡೋಸ್ 11ರಲ್ಲಿ ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಎಂಬ ಭದ್ರತಾ ವ್ಯವಸ್ಥೆಗಳಿಲ್ಲದೆ ತೆರೆಯುವುದೇ ಇಲ್ಲ.

ಇನ್ನು ಆ ‘4 ಜಿಬಿ’. ಹೆಚ್ಚಿನ ಸಲ ಅದು 2014ರ ಜಿಟಿ 730 ಕಾರ್ಡು. ಗ್ರಾಫಿಕ್ಸ್ ಕಾರ್ಡಿನ ಮೆಮೊರಿಯನ್ನು ಕೆರೆ ಎಂದುಕೊಂಡರೆ, ಆಟಕ್ಕೆ ಮುಖ್ಯವಾದದ್ದು ಕೆರೆಯ ವಿಸ್ತಾರವಲ್ಲ, ತೂಬಿನ ಅಗಲ. ಈ ಕಾರ್ಡಿನ ಡಿಡಿಆರ್3, 64 ಬಿಟ್ ಮಾದರಿಯ ತೂಬಿನಲ್ಲಿ ಸೆಕೆಂಡಿಗೆ ಹರಿಯುವುದು 14.4 ಜಿಬಿ. 2021ರ ಆರ್‌ಎಕ್ಸ್ 6600ರಲ್ಲಿ 224 ಜಿಬಿ. ಕೆರೆ ತುಂಬಿದ್ದರೂ ಗದ್ದೆಗೆ ನೀರು ಬಾರದ ಸ್ಥಿತಿಯನ್ನೇ ಹುಡುಗರು ‘ಲ್ಯಾಗ್ ಹೊಡೆಯುತ್ತದೆ’ ಎನ್ನುತ್ತಾರೆ. ಆ ಪೀಳಿಗೆಯ ಕಾರ್ಡುಗಳಿಗೆ ಹೊಸ ಆಟಗಳ ಡ್ರೈವರ್ ಕೊಡುವುದನ್ನು ಎನ್ವಿಡಿಯಾ 2021ರಲ್ಲೇ ನಿಲ್ಲಿಸಿದೆ.

ಇಂಥ ಸೆಟ್ಟುಗಳು ಬ್ಯಾಡಗಿ, ರಾಣೆಬೆನ್ನೂರಿನ ಸೀಮೆಯಲ್ಲೂ ಮಾರಾಟವಾಗುತ್ತಿವೆ ಎಂಬುದು ಮುಖ್ಯ. ಬ್ಯಾಡಗಿ ಎಪಿಎಂಸಿಯಲ್ಲಿ ಖರೀದಿದಾರ ಚೀಲದೊಳಗೆ ಕೈ ಹಾಕಿ, ಅಡಿಯ ಹಿಡಿ ತೆಗೆದು, ಮೆಣಸಿನಕಾಯಿಯನ್ನು ಬೆರಳಲ್ಲಿ ಒತ್ತಿ ತೇವ ನೋಡುತ್ತಾನೆ. ಸುಕ್ಕು, ತೊಟ್ಟು, ಬೀಜ ನೋಡಿಯೇ ಟೆಂಡರಿನಲ್ಲಿ ಬೆಲೆ ಬರೆಯುತ್ತಾನೆ. ಅಲ್ಲಿ ಬಣ್ಣಕ್ಕೆ ಬೆಲೆ ಕಟ್ಟುವುದು ನ್ಯಾಯ, ಏಕೆಂದರೆ ಬ್ಯಾಡಗಿ ಕಾಯಿ ಮಾರಾಟವಾಗುವುದೇ ಬಣ್ಣಕ್ಕೆ, ಖಾರ ಕಡಿಮೆ. ಬೀಜೋದ್ಯಮದ ಊರಾದ ರಾಣೆಬೆನ್ನೂರಿನಲ್ಲಿ ಪೊಟ್ಟಣದ ಲಾಟ್ ಸಂಖ್ಯೆ, ಮೊಳಕೆಯ ಪ್ರಮಾಣ ಓದದೆ ಬೀಜ ಒಯ್ಯುವ ರೈತ ಅಪರೂಪ. ಇಂಥ ಮನೆಯವರೇ ಕಂಪ್ಯೂಟರ್ ಅಂಗಡಿಯಲ್ಲಿ ಫ್ಯಾನಿನ ಬಣ್ಣ ನೋಡಿ ದುಡ್ಡು ಎಣಿಸುತ್ತಾರೆ ಎಂಬುದು ಸಂಕಟದ ಮಾತು. ಪರೀಕ್ಷಿಸುವ ಕಣ್ಣು ಅವರಿಗಿಲ್ಲ ಎಂದಲ್ಲ. ಯಾವುದನ್ನು ಒತ್ತಿ ನೋಡಬೇಕು ಎಂದು ಯಾರೂ ಹೇಳಿಲ್ಲ.

ಆ ದುಡ್ಡು ಸುಲಭದ ದುಡ್ಡೂ ಅಲ್ಲ. 2024ರ ಮಾರ್ಚಿನಲ್ಲಿ ಮೆಣಸಿನಕಾಯಿಯ ಬೆಲೆ ಕುಸಿದಾಗ ಬ್ಯಾಡಗಿ ಮಾರುಕಟ್ಟೆ ಪ್ರಾಂಗಣದಲ್ಲಿ ವಾಹನಗಳು ಹೊತ್ತಿ ಉರಿದವು. ಸುಗ್ಗಿಯನ್ನು ನಂಬಿದ ಕಾಗಿನೆಲೆಯ ಮನೆಯೊಂದು ದೇವಗಿರಿಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿಗೋ ರಾಣೆಬೆನ್ನೂರಿನ ಕಾಲೇಜಿಗೋ ಹೋಗುವ ಮಗುವಿಗೆ ‘ಓದಲಿಕ್ಕೂ ಆಯಿತು, ಆಡಲಿಕ್ಕೂ ಆಯಿತು’ ಎಂದು ತೆಗೆದಿಡುವ ನಲವತ್ತು ಸಾವಿರ ಎರಡನೇ ಸಲ ಹುಟ್ಟುವುದಿಲ್ಲ. ಆದ್ದರಿಂದ ಬಿಡಿಭಾಗ ಆರಿಸುವ ಯಾವ ಪದ್ಧತಿಯನ್ನಾದರೂ ಅಳೆಯಬೇಕಾದದ್ದು ಒಂದೇ ಪ್ರಶ್ನೆಯಿಂದ: ಈ ವರ್ಷ ಹಾಕಿದ ದುಡ್ಡು ಮುಂದಿನ ಸುಗ್ಗಿಯಲ್ಲಿ ಹಾಕುವ ದುಡ್ಡಿಗೆ ಅಡಿಪಾಯವಾಗುತ್ತದೆಯೇ, ಇಲ್ಲ ಅದನ್ನು ಕಿತ್ತೆಸೆದು ಮತ್ತೆ ಮೊದಲಿನಿಂದ ಶುರು ಮಾಡಬೇಕೇ?

ಈ ಅಳತೆಗೆ ಹತ್ತಿರ ನಿಲ್ಲುವುದು ಎಎಂಡಿಯ ರೈಜನ್ 5 5600ಜಿ ಇಟ್ಟು ಕಟ್ಟುವ ಕಂಪ್ಯೂಟರು. 2021ರ ಈ ಪ್ರೊಸೆಸರಿನಲ್ಲಿ ಆರು ಕೋರು, ಹನ್ನೆರಡು ಥ್ರೆಡ್ಡು. ಚಿತ್ರ ಮೂಡಿಸುವ ಭಾಗವೂ ಅದರೊಳಗೇ ಇದೆ. ಬೇರೆ ಕಾರ್ಡಿಲ್ಲದೆ ವ್ಯಾಲೊರೆಂಟ್ ಕಡಿಮೆ ಸೆಟ್ಟಿಂಗ್‌ನಲ್ಲಿ ಸೆಕೆಂಡಿಗೆ ನೂರು ಫ್ರೇಮು ದಾಟುತ್ತದೆ. ಪಿಸಿಗೆ 2015ರಲ್ಲಿ ಬಂದ ಜಿಟಿಎ 5 ಕೂಡ ನೆಮ್ಮದಿಯಾಗಿ ಆಡಲು ಬರುತ್ತದೆ. ಸೈಬರ್‌ಪಂಕ್‌ನಂಥ ಭಾರಿ ಆಟಕ್ಕೆ ಸಾಲದು. ಅದಕ್ಕೆ ಮುಂದಿನ ಸುಗ್ಗಿಯಲ್ಲಿ ಕೊಳ್ಳುವ ಕಾರ್ಡು ಇದ್ದೇ ಇದೆ.

ಆದರೆ ಈ ದಾರಿಯಲ್ಲಿ ಒಂದು ತಪ್ಪು ಎಲ್ಲೆಡೆ ನಡೆಯುತ್ತದೆ: 16 ಜಿಬಿಯ ಒಂದೇ ರ‍್ಯಾಮ್ ಪಟ್ಟಿ ಹಾಕಿ ಕೊಡುವುದು. ಈ ಪ್ರೊಸೆಸರಿನ ಗ್ರಾಫಿಕ್ಸಿಗೆ ಸ್ವಂತ ಮೆಮೊರಿ ಇಲ್ಲ. ಅದು ರ‍್ಯಾಮನ್ನೇ ಕಡ ತೆಗೆದುಕೊಳ್ಳುತ್ತದೆ. 3200 ವೇಗದ ಡಿಡಿಆರ್4 ಪಟ್ಟಿ ಒಂದಿದ್ದರೆ ಸೆಕೆಂಡಿಗೆ 25.6 ಜಿಬಿ, 8 ಜಿಬಿಯ ಎರಡನ್ನು ಸರಿಯಾದ ಕಿಂಡಿಗಳಲ್ಲಿ ಕೂರಿಸಿದರೆ 51.2 ಜಿಬಿ. ದುಡ್ಡು ಹೆಚ್ಚುಕಡಿಮೆ ಅಷ್ಟೇ, ತೂಬು ಎರಡು ಪಟ್ಟು. ಕೆಲವು ಆಟಗಳಲ್ಲಿ ಫ್ರೇಮುಗಳು ಮೂರನೇ ಒಂದು ಪಾಲಿಗಿಂತ ಹೆಚ್ಚು ಏರುತ್ತವೆ. ‘ಮುಂದೆ ಇನ್ನೊಂದು ಹಾಕಿಸಿದರಾಯಿತು’ ಎಂಬ ಸಮಾಧಾನದ ಮಾತಿಗೆ ಇಲ್ಲಿ ಬೆಲೆ ಕೊಡಬಾರದು.

ಈ ದಾರಿಯನ್ನೂ ಪೂರ್ತಿ ಹೊಗಳುವಂತಿಲ್ಲ. 5600ಜಿಯೊಳಗಿನ ವೇಗದ ಮೆಮೊರಿ, ಅಂದರೆ ಕ್ಯಾಷ್, 16 ಎಂಬಿ, ಅದರ ಸೋದರ 5600ರಲ್ಲಿ 32. ಒಳ್ಳೆಯ ಕಾರ್ಡು ಬಂದ ಮೇಲೆ ಆ ಕೊರತೆ ಕಾಣುತ್ತದೆ. 5600ಜಿ ಕಾರ್ಡಿನ ಜೊತೆ ಮಾತಾಡುವುದು ಪಿಸಿಐಇಯ ಮೂರನೇ ಆವೃತ್ತಿಯಲ್ಲಿ. ಆರ್‌ಎಕ್ಸ್ 6500 ಎಕ್ಸ್‌ಟಿಯಂಥ ಅಗ್ಗದ ಕಾರ್ಡು ನಾಲ್ಕೇ ಲೇನಿನದು, ನಾಲ್ಕನೇ ಆವೃತ್ತಿಯ ವೇಗ ನಂಬಿ ಮಾಡಿದ್ದು. ಇದರ ಜೊತೆ ಸೇರಿದರೆ ಅದಕ್ಕೆ ದಾರಿ ಅರ್ಧಕ್ಕೆ ಇಳಿಯುತ್ತದೆ. ಎಂಟು ಲೇನಿನ ಆರ್‌ಎಕ್ಸ್ 6600ಕ್ಕೆ ಕಾದವರು ಜಾಣರು. 5600ಜಿ ಕೂರುವ ಎಎಂ4 ಸಾಕೆಟ್ಟಿನ ಕಾಲವೂ ಮುಗಿಯುತ್ತ ಬಂದಿದೆ. ಎಎಂಡಿ 2022ರಿಂದ ಎಎಂ5ಕ್ಕೆ ಹೋಗಿದೆ. ಆದರೂ ನಲವತ್ತು ಸಾವಿರದೊಳಗೆ ಮಾನಿಟರೂ ಬರಬೇಕಾದವರಿಗೆ ಹಳೆಯ ಸಾಕೆಟ್ಟೇ ಇಂದಿಗೂ ಸಲ್ಲುತ್ತದೆ.

ಕಾರ್ಡಿಗೆ ಈಗಲೇ ದುಡ್ಡಿದ್ದವರಿಗೆ ಐ3-12100ಎಫ್ ಒಳ್ಳೆಯ ಆಯ್ಕೆ. ಕೊನೆಯ ಎಫ್ ಅಕ್ಷರದ ಅರ್ಥ ಒಳಗೆ ಗ್ರಾಫಿಕ್ಸ್ ಇಲ್ಲ ಎಂದು. ಅದನ್ನು ತಿಳಿಯದೆ ಕಾರ್ಡಿಲ್ಲದೆ ಕೊಂಡವರ ಮಾನಿಟರ್ ಕಪ್ಪಾಗಿಯೇ ಉಳಿಯುತ್ತದೆ.

ಎಲ್ಲರೂ ಕಡೆಗಣಿಸುವ ಭಾಗ ಪವರ್ ಸಪ್ಲೈ. ‘ಕ್ಯಾಬಿನೆಟ್ ಜೊತೆ 450 ವ್ಯಾಟಿನದು ಫ್ರೀ’ ಎಂಬ ಮಾತು ಕೇಳಿದಲ್ಲಿ ನಿಂತು ಯೋಚಿಸಬೇಕು. ಕೈಯಲ್ಲಿ ಹಿಡಿದರೆ ಹಗುರ, ಚೀಟಿಯಲ್ಲಿ ದೊಡ್ಡ ಅಂಕಿ, 80 ಪ್ಲಸ್ ಗುರುತು ಎಲ್ಲೂ ಇಲ್ಲ. ಇಂಥದ್ದು ಸುಟ್ಟಾಗ ಮದರ್‌ಬೋರ್ಡನ್ನೂ ಎಳೆದುಕೊಂಡು ಹೋಗಬಹುದು. ಆ ಗುರುತು ಶೇ 20, 50 ಮತ್ತು 100ರ ಹೊರೆಯಲ್ಲೂ ಶೇ 80ಕ್ಕೆ ಕಡಿಮೆಯಿಲ್ಲದ ದಕ್ಷತೆಯನ್ನು ಖಾತ್ರಿ ಮಾಡುತ್ತದೆ. ಪಂಪ್‌ಸೆಟ್ಟುಗಳು ಒಟ್ಟಿಗೆ ಶುರುವಾದಾಗ ಮನೆಯ ದೀಪ ಮಂಕಾಗಿ, ನಿಂತಾಗ ಝಗ್ಗೆಂದು ಏರುವ ಹಳ್ಳಿಗಳಲ್ಲಿ ಆ ಗುರುತಿರುವ ಡಬ್ಬಿಗೆ ಮೂರೂವರೆ ನಾಲ್ಕು ಸಾವಿರ ಎತ್ತಿಡುವುದು ದುಂದಲ್ಲ. ಮುಂದೆ 132 ವ್ಯಾಟಿನ ಆರ್‌ಎಕ್ಸ್ 6600 ಬಂದಾಗಲೂ ಇದೇ ಡಬ್ಬಿ ದುಡಿಯುತ್ತದೆ.

ಅರ್ಥಿಂಗ್ ಮಾತು ಇನ್ನೂ ಹತ್ತಿರದ್ದು. ಬರಿಗಾಲಲ್ಲಿ ನಿಂತು ಕ್ಯಾಬಿನೆಟ್ಟಿನ ಹಿಂದಿನ ಸ್ಕ್ರೂ ಮುಟ್ಟಿದಾಗ ಬೆರಳ ತುದಿಯಲ್ಲಿ ಜುಮ್ಮೆನ್ನುವುದು ಬಹಳ ಮನೆಗಳ ಅನುಭವ. ‘ಕಂಪ್ಯೂಟರ್ ಶಾಕ್ ಹೊಡೆಯುತ್ತದೆ’ ಎಂದು ಅಂಗಡಿಗೆ ಹೊತ್ತು ತರುತ್ತಾರೆ. ದೋಷ ಸಾಮಾನ್ಯವಾಗಿ ಗೋಡೆಯಲ್ಲಿರುತ್ತದೆ: ಸಾಕೆಟ್ಟಿನ ಮೇಲಿನ ದಪ್ಪ ತೂತಿನ ಹಿಂದೆ ತಂತಿಯೇ ಇರುವುದಿಲ್ಲ. ಕಂಪ್ಯೂಟರಿನ ದುಡ್ಡಿನಲ್ಲಿ ಮೊದಲ ಪಾಲು ಎಲೆಕ್ಟ್ರಿಷಿಯನ್‌ಗೆ ಹೋಗಬೇಕು.

ಬಳಸಿದ ಕಾರ್ಡಿನ ಆಸೆಯನ್ನೂ ಅಲ್ಲಗಳೆಯಲಾಗದು. 2022ರ ಸೆಪ್ಟೆಂಬರಿನಲ್ಲಿ ಇಥೀರಿಯಂ ಗಣಿಗಾರಿಕೆ ನಿಂತ ಮೇಲೆ ಹಗಲಿರುಳು ದುಡಿದ ಕಾರ್ಡುಗಳು ರಾಶಿಯಾಗಿ ಮಾರುಕಟ್ಟೆಗೆ ಬಂದವು. ಅವುಗಳಲ್ಲಿ ಹೆಸರು ಮಾಡಿದ್ದು ಆರ್‌ಎಕ್ಸ್ 580. ಆ ಹೆಸರಿನ ಪೂರ್ತಿ ಕಾರ್ಡಿನಲ್ಲಿ 2304 ಸ್ಟ್ರೀಮ್ ಪ್ರೊಸೆಸರುಗಳಿರಬೇಕು. ‘2048 ಎಸ್‌ಪಿ’ ಎಂಬ ಮಾದರಿ ವಾಸ್ತವದಲ್ಲಿ ಆರ್‌ಎಕ್ಸ್ 570ರ ಸಮ. ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶ ತೆರೆದರೆ ಒಂದು ನಿಮಿಷದಲ್ಲಿ ಗುಟ್ಟು ಬಯಲು. ಮಾರುವವರು ಅದನ್ನು ತೆರೆಯಲು ಒಪ್ಪದಿದ್ದರೆ ವ್ಯಾಪಾರ ಅಲ್ಲಿಗೇ ಬಿಡುವುದು ಲೇಸು.

2025ರ ಕೊನೆಯಲ್ಲಿ ಈ ಎಲ್ಲ ಲೆಕ್ಕಕ್ಕೆ ಹೊಸ ಪೆಟ್ಟು ಬಿತ್ತು. ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳಿಗಾಗಿ ಮೆಮೊರಿ ತಯಾರಕರು ಉತ್ಪಾದನೆ ತಿರುಗಿಸಿದ್ದರಿಂದ ರ‍್ಯಾಮಿನ ಬೆಲೆ ಕೆಲವೇ ತಿಂಗಳಲ್ಲಿ ದುಪ್ಪಟ್ಟಾಯಿತು. 8 ಜಿಬಿಯ ಎರಡು ಪಟ್ಟಿಗಳ ಜೋಡಿ ಈಗ ಹಳೆಯ ದರಕ್ಕೆ ಸಿಗುವುದಿಲ್ಲ. ಆಗ ಏನನ್ನು ಬಿಡಬೇಕು? ಬಣ್ಣದ ಫ್ಯಾನು, ಗಾಜಿನ ಬಾಗಿಲು, ಗೇಮಿಂಗ್ ಕೀಬೋರ್ಡು ಬಿಡಲಿ. ರ‍್ಯಾಮಿನ ಜೋಡಿಯನ್ನಾಗಲಿ ಪವರ್ ಸಪ್ಲೈಯನ್ನಾಗಲಿ ಬಿಡುವುದು ಬೇಡ. ಬಣ್ಣದ ಫ್ಯಾನು ಇಲ್ಲದ ಕ್ಯಾಬಿನೆಟ್ಟಿಗೆ ಮುಂಭಾಗದಲ್ಲಿ ದೂಳು ತಡೆಯುವ ಜಾಲರಿ ಮಾತ್ರ ಇರಲಿ, ಸುಗ್ಗಿಯ ತಿಂಗಳುಗಳ ದೂಳು ಬ್ಯಾಡಗಿಯ ಯಾವ ಮನೆಯನ್ನೂ ಬಿಡುವುದಿಲ್ಲ.

ಕೊಳ್ಳುವ ಜಾಗದ ಬಗ್ಗೆ ಸಣ್ಣ ಮಾತು. ಡಬ್ಬಿಯಲ್ಲಿ ಬರುವ ಪ್ರೊಸೆಸರಿಗೆ ಕಂಪನಿಯದೇ ಮೂರು ವರ್ಷದ ವಾರಂಟಿ. ‘ಟ್ರೇ’ ಎಂದು ಬಿಡಿಯಾಗಿ ಕೊಡುವುದಕ್ಕೆ ಅಂಗಡಿಯವರ ಮಾತೇ ಆಧಾರ. ಶೇ 18 ಜಿಎಸ್‌ಟಿ ಉಳಿಸಲು ಬಿಲ್ಲು ಬೇಡವೆಂದವರು ಎರಡನೇ ವರ್ಷ ಬೋರ್ಡು ಕೆಟ್ಟಾಗ ಆ ಕಾಗದ ಹುಡುಕುತ್ತಾರೆ.

ಅಸೆಂಬ್ಲಿ ಮುಗಿಯಿತು ಎಂದ ಕೂಡಲೇ ದುಡ್ಡು ಕೊಡಬೇಕಿಲ್ಲ. ಅಂಗಡಿಯ ಮೇಜಿನ ಮೇಲೆಯೇ ಯಂತ್ರ ಶುರು ಮಾಡಿಸಿ, ಟಾಸ್ಕ್ ಮ್ಯಾನೇಜರ್ ತೆರೆಸಿ, ಪ್ರೊಸೆಸರಿನ ಪೂರ್ತಿ ಹೆಸರನ್ನು ಬಿಲ್ಲಿನ ಜೊತೆ ಅಕ್ಷರ ಅಕ್ಷರ ಹೋಲಿಸಬೇಕು. ಮೆಮೊರಿಯ ಪುಟದಲ್ಲಿ ವೇಗ 2133 ಎಂದೋ 2400 ಎಂದೋ ಕಂಡರೆ ಬಯಾಸ್‌ಗೆ ಹೋಗಿ ಎಕ್ಸ್‌ಎಂಪಿ ಎಂಬ ವೇಗದ ಆಯ್ಕೆ ಚಾಲೂ ಮಾಡಿಸಿ, ಅದು 3200 ಆಗುವವರೆಗೆ ಕುರ್ಚಿ ಬಿಟ್ಟು ಏಳಬಾರದು. ಅದೇ ಪುಟದ ಕೆಳಗೆ ರ‍್ಯಾಮಿನ ಎಷ್ಟು ಕಿಂಡಿ ತುಂಬಿವೆ ಎಂಬ ಸಾಲಿದೆ. ಅಲ್ಲಿ ಎರಡು ಎಂದಿರಬೇಕು.