ಹಾಡುವ ಬಾಯಿ, ಬೇಡುವ ಬಾಯಿ

ನಮ್ಮ ಕೇರಿಗಳ ಚರ್ಚುಗಳಲ್ಲಿ ಭಾನುವಾರ ಎರಡು ಕನ್ನಡ ಕೇಳಿಸುತ್ತವೆ. ಒಂದು ಗೀತೆಗಳ ಪುಸ್ತಕದ ಕನ್ನಡ. ಅಲ್ಲಿ ಲೋಕ ಬೇಡ, ದೇಹ ಮಣ್ಣು, ನಾನು ಪಾಪಿ ಎಂಬುದೇ ಮಾತು. ಇನ್ನೊಂದು, ಹಾಡು ಮುಗಿದು ಕಣ್ಣು ಮುಚ್ಚಿದ ಮೇಲೆ ಬರುವ ಕನ್ನಡ: ಮಗನಿಗೆ ಕೆಲಸ ಆಗ್ಲಿ, ಸೊಸೆಗೆ ಹೆರಿಗೆ ಸಲೀಸಾಗ್ಲಿ, ಗಂಡ ಕುಡಿಯೋದು ಬಿಡ್ಲಿ, ಸಾಲ ತೀರ್ಲಿ. ನಡುನಡುವೆ ‘ಅಪ್ಪಾ’ ಎಂಬ ಕೂಗು. ಇದಕ್ಕೂ ಲಯ ಇದೆ, ಪಲ್ಲವಿ ಇದೆ, ಅಚ್ಚಾಗಿಲ್ಲ ಅಷ್ಟೇ. ಐದು ನಿಮಿಷದ ಹಿಂದೆ ಲೋಕವೇ ಬೇಡ ಎಂದ ಬಾಯಿ ಇದು. ಕೆಲವರು ಇದನ್ನು ಕಪಟ ಅನ್ನುತ್ತಾರೆ. ನಾವು ಒಪ್ಪುವುದಿಲ್ಲ. ಹಾಡುವವರು ಆ ಹಾಡನ್ನು ಕಟ್ಟಿದವರಲ್ಲ.

ಬಾಸೆಲ್ ಮಿಶನ್ 1834ರಲ್ಲಿ ಮಂಗಳೂರಿಗೆ ಬಂತು. ಮೋಗ್ಲಿಂಗ್ 1850ರಲ್ಲಿ ದಾಸರ ಪದಗಳನ್ನು ಅಚ್ಚು ಹಾಕಿಸಿದ. ಕಿಟ್ಟೆಲ್ 1862ರ ‘ಕಥಾಮಾಲೆ’ಯಲ್ಲಿ ಯೇಸುವಿನ ಕಥೆಯನ್ನು ಕನ್ನಡ ಛಂದಸ್ಸಿಗೆ ಇಳಿಸಿದ. ಇವರ ದುಡಿಮೆ ಸಣ್ಣದಲ್ಲ. ಆದರೆ ಭಕ್ತಿಗೆ ಯಾವ ಕನ್ನಡ ಬೇಕೆಂದು ಮಿಶನರಿಗಳು ಕೇಳಿದ್ದು ಬಹುಮಟ್ಟಿಗೆ ಪಂಡಿತರನ್ನು, ಓಲೆಗರಿಯನ್ನು. ನಮ್ಮ ತಮಟೆ, ನಮ್ಮ ಬೀಸುವ ಪದ ಬಾಗಿಲಾಚೆ ಉಳಿದವು.

ದಾಸ ಎಂಬ ಒಂದೇ ಮಾತು ನೋಡಿ. ಉಂಡುಟ್ಟ ಮನೆಯವನು ದೇವರೆದುರು ದಾಸ ಆಗೋದು ಅಹಂಕಾರ ಇಳಿಸಿಕೊಳ್ಳುವ ಬಗೆ. ಹುಟ್ಟಿದಂದಿನಿಂದ ಗೌಡರ ಕೊಟ್ಟಿಗೆ ಬಾಚಿದ ಜೀತದಾಳಿಗೆ ಇಳಿಸೋಕೆ ಅಹಂಕಾರ ಎಲ್ಲಿದೆ? ದೇವರ ಮುಂದಾದರೂ ನೆಟ್ಟಗೆ ನಿಲ್ಲಬೇಕು ಅನ್ನೋದು ಅವನ ಆಸೆ. ಹಾಡು ಅವನನ್ನು ಮತ್ತೆ ಬಗ್ಗಿಸುತ್ತದೆ. ಅವನು ಮಾಡಿದ ಪಾಪಕ್ಕೆ ಪುಸ್ತಕದಲ್ಲಿ ಬೇಕಾದಷ್ಟು ಹಾಡುಗಳಿವೆ. ಅವನ ಮೇಲೆ ನಡೆದ ಪಾಪಕ್ಕೆ?

ಬೈಬಲ್ಲಿನಲ್ಲಿ ಇಲ್ಲ ಅಂತಲ್ಲ. 150 ಕೀರ್ತನೆಗಳಲ್ಲಿ ದೇವರ ಜೊತೆ ಜಗಳ ತೆಗೆಯುವಂಥವು ಬಹಳ. 13ನೆಯದು, ಇನ್ನೂ ಎಷ್ಟು ಕಾಯಿಸ್ತೀಯ ಎಂದು ದಬಾಯಿಸುತ್ತದೆ. 88ನೆಯದು ಯಾವ ಸಮಾಧಾನವನ್ನೂ ಹೇಳದೆ ಕತ್ತಲಲ್ಲಿ ಮುಗಿಯುತ್ತದೆ. ಲೂಕನ ಸುವಾರ್ತೆಯಲ್ಲಿ ಬಸುರಿ ಮರಿಯಳ ಹಾಡು ದೊರೆಗಳನ್ನೇ ಗದ್ದುಗೆಯಿಂದ ಇಳಿಸುತ್ತದೆ. ಈಗಿನ ಕೀಬೋರ್ಡು, ಗಿಟಾರಿನ ಹೊಸ ಆರಾಧನಾ ಗೀತೆಗಳಲ್ಲಿ ಸ್ತುತಿ ಧಾರಾಳ, ಜಗಳ ಹುಡುಕಬೇಕು.

ಹಾಗಂತ ಬರೀ ಪದ ಓದಿ ತೀರ್ಪು ಕೊಡಲಾಗದು. ಕೂಲಿ ಮಾಡಿ ಸೊಂಟ ಹೋದ ಅಜ್ಜಿ ಪರಲೋಕದ ವಿಶ್ರಾಂತಿಯನ್ನು ಹಾಡಿದರೆ ಆ ಪದದೊಳಗೆ ಅವಳ ಸೊಂಟವೂ ಇದೆ. ಅಮೆರಿಕದ ಕಪ್ಪು ಗುಲಾಮರು ಕಾನಾನ್ ದೇಶವನ್ನು ಹಾಡಿದ್ದು ಹೀಗೇ. ಧಣಿಗೆ ಅದು ಸ್ವರ್ಗ. ತಮಗೆ ಅದು ಓಡಿಹೋಗಿ ಸೇರಬೇಕಾದ ಉತ್ತರದ ನಾಡಾಗಿತ್ತೆಂದು ಫ್ರೆಡರಿಕ್ ಡಗ್ಲಸ್ 1855ರ ಆತ್ಮಕಥೆಯಲ್ಲಿ ಬರೆದ. ಆದರೆ ಅವರ ಹಾಡು ಅವರೇ ಕಟ್ಟಿದ್ದು. ಪಕ್ಕದ ತಮಿಳುನಾಡಿನಲ್ಲಿ ಥಿಯೋಫಿಲಸ್ ಅಪ್ಪಾವು, ಮಧುರೆಯಲ್ಲಿ ದೈವಶಾಸ್ತ್ರದ ಪಾಠ ಹೇಳುತ್ತಲೇ, ಕರ್ನಾಟಕ ಸಂಗೀತದ ಕೀರ್ತನೆ ಬದಿಗಿಟ್ಟು ಹಳ್ಳಿಯ ಧಾಟಿಯಲ್ಲಿ, ಆಡುಮಾತಿನಲ್ಲಿ ದಲಿತರ ಆರಾಧನೆ ಕಟ್ಟಿದರು. ಒಂದೇ ಮಡಕೆಯಿಂದ ಎಲ್ಲರೂ ಉಣ್ಣುವುದು ಅವರ ದೈವಶಾಸ್ತ್ರದ ತಿರುಳಾಗಿತ್ತು.

ನಮ್ಮ ಇಕ್ಕಟ್ಟು ಇನ್ನೂ ಒಂದಿದೆ. ಯೇಸುವಿನ ಹೆಸರನ್ನು ಲೋಕದೆದುರು ಸಾರುತ್ತೇನೆ ಎಂದು ನಮ್ಮ ಹುಡುಗರು ಗಂಟಲು ಹರಿಯುವಂತೆ ಹಾಡುತ್ತಾರೆ. ಸೋಮವಾರ ತಾಲೂಕು ಕಚೇರಿಯಲ್ಲಿ ಜಾತಿ ಸರ್ಟಿಫಿಕೇಟಿಗೆ ನಿಂತಾಗ ಅದೇ ಹೆಸರನ್ನು ನುಂಗಬೇಕು. ಪರಿಶಿಷ್ಟ ಜಾತಿಯ ಸವಲತ್ತನ್ನು 1950ರ ರಾಷ್ಟ್ರಪತಿ ಆಜ್ಞೆ ಬಹುಮಟ್ಟಿಗೆ ಹಿಂದೂಗಳಿಗೇ ಕಟ್ಟಿಹಾಕಿತು. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಸೇರಿದರು. ಕ್ರೈಸ್ತರಾದ ಹೊಲೆಮಾದಿಗರು ಹೊರಗೇ. ದೀಕ್ಷಾಸ್ನಾನ ಆಯ್ತು ಅಂತ ಊರಿನವರೇನು ಕೇರಿಯನ್ನು ಊರೊಳಕ್ಕೆ ಕರೆದರೆ?

ಈ ಎರಡು ಹೆಸರಿನ ಬಾಳು, ಒಂದನ್ನು ಹೇಳಿದರೆ ಅನ್ನ ಹೋಗುವ, ಇನ್ನೊಂದನ್ನು ಹೇಳಿದರೆ ಮಾನ ಹೋಗುವ ಸಂಕಟ, ನಾವು ಕೇಳಿದ ಒಂದು ಹಾಡಿನಲ್ಲೂ ಇಲ್ಲ. ಇದನ್ನು ಸಭೆಪಾಲಕರು ಬರೆದುಕೊಡಲಿ ಎಂದು ಕೂರುವುದಲ್ಲ. ಆ ಕಚೇರಿಯ ಸಾಲಿನಲ್ಲಿ ನಿಂತವರೇ ಕಟ್ಟಬೇಕು, ತಮಟೆ ಹಿಡಿದು, ಚರ್ಚಿನ ಒಳಗೇ ಹಾಡಬೇಕು.