ಸಿಲಿಕಾನಿನ ಹದ

ಪ್ರೈಮ್95 ಎಂಬ ಪ್ರೋಗ್ರಾಂ ಸೋತು ಕೈಬಿಡುವಾಗ ಒಂದು ಸಾಲು ಬರೆದು ನಿಲ್ಲುತ್ತದೆ: ರೌಂಡಿಂಗ್ 0.5 ಬಂತು, 0.4ಕ್ಕಿಂತ ಕಡಿಮೆ ಇರಬೇಕಿತ್ತು. ಓವರ್‌ಕ್ಲಾಕಿಂಗ್‌ನ, ಅಂದರೆ ಚಿಪ್ಪನ್ನು ತಯಾರಕರು ಗೊತ್ತು ಮಾಡಿದ್ದಕ್ಕಿಂತ ವೇಗವಾಗಿ ಓಡಿಸುವುದರ, ರುಚಿ ಹತ್ತಿದವರಿಗೆಲ್ಲ ಈ ಸಾಲು ಪರಿಚಿತ. ಮರ್ಸೆನ್ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕಲೆಂದು ಜಾರ್ಜ್ ವೋಲ್ಟ್‌ಮನ್ 1996ರಲ್ಲಿ ಶುರು ಮಾಡಿದ ಕೆಲಸದ ಪ್ರೋಗ್ರಾಂ ಇದು. ಲಕ್ಷಗಟ್ಟಲೆ ಅಂಕಿಗಳಿರುವ ಸಂಖ್ಯೆಗಳನ್ನು ಗುಣಿಸುವಾಗ ಅದು ದಶಮಾಂಶಗಳ ಒಳದಾರಿ ಹಿಡಿಯುತ್ತದೆ. ಆದರೆ ಕೊನೆಗೆ ಬರುವ ಉತ್ತರ ಒಂದು ಪೂರ್ಣಾಂಕದ ಪಕ್ಕದಲ್ಲೇ ಬಂದು ಕೂರಬೇಕು. ಎರಡು ಪೂರ್ಣಾಂಕಗಳ ನಟ್ಟನಡುವೆ ನಿಂತಿತೆಂದರೆ ಎಲ್ಲೋ ಒಂದು ಬಿಟ್ ತಪ್ಪಿದೆ. ಪರದೆ ನೀಲಿಯಾಗಿಲ್ಲ, ಫ್ಯಾನ್ ತಿರುಗುತ್ತಲೇ ಇದೆ, ಮೌಸ್ ಹೇಳಿದಲ್ಲಿಗೆ ಹೋಗುತ್ತಿದೆ. ಆದರೂ ಕೋಟ್ಯಂತರ ಲೆಕ್ಕಗಳಲ್ಲಿ ಒಂದು ಹಳಿ ತಪ್ಪಿದೆ. ಓವರ್‌ಕ್ಲಾಕಿಂಗ್‌ನ ನಿಜವಾದ ಸವಿ ಇರುವುದು ಈ ಗೆರೆಯ ಆಸುಪಾಸಿನಲ್ಲಿ ಎಂದು ನಾನು ನಂಬಿದ್ದೇನೆ. ವೇಗ ಒಂದು ನೆಪ.

ಗಡಿಯಾರದ ಒಂದು ಮಿಡಿತದೊಳಗೆ ಪ್ರೊಸೆಸರ್ ಒಂದು ಹೆಜ್ಜೆಯ ಕೆಲಸ ಮುಗಿಸಬೇಕು. 5 ಗಿಗಾಹರ್ಟ್ಸ್‌ನಲ್ಲಿ ಒಂದು ಮಿಡಿತವೆಂದರೆ 200 ಪಿಕೋಸೆಕೆಂಡು. ಅಷ್ಟರಲ್ಲಿ ಬೆಳಕೂ 6 ಸೆಂಟಿಮೀಟರ್‌ಗಿಂತ ಹೆಚ್ಚು ಹೋಗಲಾರದು. ಸಾಲಾಗಿ ನಿಂತ ಟ್ರಾನ್ಸಿಸ್ಟರುಗಳು ಅಷ್ಟರೊಳಗೆ ಒಂದಾದ ಮೇಲೊಂದು ಬದಲಾಗಿ ಉತ್ತರವನ್ನು ದಡ ಸೇರಿಸಬೇಕು. ತಯಾರಕರು ಇಲ್ಲಿ ಒಂದಿಷ್ಟು ಬಿಡುವು ಇಟ್ಟಿರುತ್ತಾರೆ. ಬಿಸಿಲೂರಿನ ಮುಚ್ಚಿದ ಕೋಣೆ, ಧೂಳು ಕಟ್ಟಿದ ಹೀಟ್‌ಸಿಂಕ್, ಏರಿಳಿಯುವ ಕರೆಂಟು, ವರ್ಷಗಳ ಸವೆತ, ಇವೆಲ್ಲವನ್ನೂ ತಾಳಿಕೊಂಡು ತಪ್ಪದೆ ನಡೆಯುವ ಚಿಪ್ಪನ್ನೇ ಅವರು ಮಾರಬೇಕು. ಒಂದೇ ವೇಫರ್‌ನಿಂದ ಕತ್ತರಿಸಿದ ಎರಡು ಚಿಪ್‌ಗಳಿಗೂ ಈ ಬಿಡುವು ಒಂದೇ ಸಮ ಇರುವುದಿಲ್ಲ. ನಿಮ್ಮ ಮೇಜಿನ ಮೇಲಿರುವುದಕ್ಕೆ ಎಷ್ಟಿದೆ ಎಂದು ಯಾವ ಡಬ್ಬಿಯ ಮೇಲೂ ಬರೆದಿಲ್ಲ. ಚಿಪ್ಪನ್ನೇ ಕೇಳಿ ತಿಳಿಯಬೇಕು.

ಈ ವಿದ್ಯೆಯಲ್ಲಿ ಅಭಿಜಾತ ಎನ್ನಬಹುದಾದ ಒಂದು ಚಿಪ್ ಇದೆ: 1998ರ ಆಗಸ್ಟ್‌ನಲ್ಲಿ ಬಂದ ಇಂಟೆಲ್‌ನ ಸೆಲೆರಾನ್ 300ಎ. ಅದೇ ವರ್ಷ ಏಪ್ರಿಲ್‌ನಲ್ಲಿ ಬಂದಿದ್ದ ಮೊದಲ ಸೆಲೆರಾನ್‌ಗೆ ಎಲ್2 ಕ್ಯಾಶ್ ಇರಲೇ ಇಲ್ಲ. ಸೊರಗಿದ ಕೂಸು ಅದು. 300ಎ ಮಾಡುವಾಗ 128 ಕಿಲೋಬೈಟ್ ಕ್ಯಾಶನ್ನು ಚಿಪ್ಪಿನ ಒಡಲಲ್ಲೇ ಕೂರಿಸಿದರು. ಪ್ರೊಸೆಸರ್ ಓಡಿದಷ್ಟೇ ವೇಗವಾಗಿ ಅದೂ ಓಡುತ್ತಿತ್ತು. ದುಬಾರಿಯ ಪೆಂಟಿಯಂ 2ಕ್ಕೆ 512 ಕಿಲೋಬೈಟ್ ಇತ್ತು ನಿಜ, ಆದರೆ ಹೊರಗಿನ ಬೇರೆ ಚಿಪ್‌ಗಳಲ್ಲಿ, ಅರ್ಧ ವೇಗದಲ್ಲಿ. ಗಡಿಯಾರ ಏರಿಸಹೋದರೆ ಹಲವು ಸಲ ಮೊದಲು ಏದುಸಿರು ಬಿಡುತ್ತಿದ್ದುದು ಆ ಹೊರಗಿನ ಚಿಪ್‌ಗಳೇ. ಅಗ್ಗದ ಸೆಲೆರಾನ್‌ಗೆ ಆ ಭಾರವೇ ಇರಲಿಲ್ಲ.

ಬಸ್ಸಿನ ವೇಗವನ್ನು ಮಲ್ಟಿಪ್ಲೈಯರ್‌ನಿಂದ ಗುಣಿಸಿದರೆ ಬರುವುದೇ ಪ್ರೊಸೆಸರಿನ ವೇಗ. 300ಎಯ ಮಲ್ಟಿಪ್ಲೈಯರ್‌ಗೆ 4.5ರಲ್ಲಿ ಬೀಗ ಬಿದ್ದಿತ್ತು. ಉಳಿದದ್ದು ಬಸ್ ಒಂದೇ. 66 ಮೆಗಾಹರ್ಟ್ಸ್ ಬಸ್ಸನ್ನು 100ಕ್ಕೆ ಏರಿಸಿದರೆ 300 ಇದ್ದದ್ದು 450 ಆಗುತ್ತದೆ. ಇದರ ಚೆಲುವನ್ನು ನಿಧಾನವಾಗಿ ನೋಡಬೇಕು. 440ಬಿಎಕ್ಸ್ ಚಿಪ್‌ಸೆಟ್ ಹುಟ್ಟಿದ್ದೇ 100 ಮೆಗಾಹರ್ಟ್ಸ್‌ಗೆ. ಆ ವೇಗದಲ್ಲಿ ಮೂರನೇ ಒಂದು ಪಾಲು ತೆಗೆದರೆ ಪಿಸಿಐಗೆ ಬೇಕಾದ 33 ಸಿಗುತ್ತದೆ, ಮೂರನೇ ಎರಡು ಪಾಲಿನಲ್ಲಿ ಎಜಿಪಿಯ 66. ಪಿಸಿ100 ರ‍್ಯಾಮ್ ತನ್ನ ಸಹಜ ವೇಗದಲ್ಲೇ ಇರುತ್ತದೆ. ಹಾರ್ಡ್ ಡಿಸ್ಕು, ಸೌಂಡ್ ಕಾರ್ಡು, ಗ್ರಾಫಿಕ್ಸ್ ಕಾರ್ಡು ಯಾವುದಕ್ಕೂ ಏನೂ ಆಗಿದ್ದೇ ಗೊತ್ತಾಗುವುದಿಲ್ಲ. ಇಡೀ ಯಂತ್ರದಲ್ಲಿ ಗೆರೆ ದಾಟಿದ್ದು ಪ್ರೊಸೆಸರ್ ಒಂದೇ, ಅದೂ ಬಹುಪಾಲು ಚಿಪ್‌ಗಳಲ್ಲಿ ತನ್ನ ಮಾಮೂಲಿ 2 ವೋಲ್ಟಿಗೆ ತೀರ ಸಮೀಪದಲ್ಲೇ. ಅಬಿಟ್ ಬಿಎಚ್6 ಬೋರ್ಡ್ ಇದ್ದವರು ಜಂಪರ್ ಮುಟ್ಟದೆ ಬಯೋಸ್‌ನಲ್ಲೇ ಬದಲಿಸುತ್ತಿದ್ದರು. ಅಂಥ ಬೋರ್ಡ್ ಇಲ್ಲದವರು ಸ್ಲಾಟ್ 1 ಕಾರ್ಡಿನ ಅಂಚಿನಲ್ಲಿ ಬಿ21 ಎಂಬ ಸಂಪರ್ಕ ಪಟ್ಟಿಯನ್ನು ಹುಡುಕಿ, ಅದರ ಮೇಲೆ ಉಗುರಿನಗಲಕ್ಕಿಂತ ಸಣ್ಣ ಟೇಪ್ ಚೂರು ಅಂಟಿಸುತ್ತಿದ್ದರು; ಬೋರ್ಡ್ ಅದನ್ನು 100ರ ಚಿಪ್ ಎಂದೇ ತಿಳಿಯುತ್ತಿತ್ತು. 300ಎಯ ಬೆಲೆ 149 ಡಾಲರ್. ಪೆಂಟಿಯಂ 2ರ 450ಕ್ಕೆ 669. ಇಷ್ಟು ಕಡಿಮೆ ಬಲವಂತದಿಂದ ಇಷ್ಟು ದೊಡ್ಡ ಫಲ ಕೊಟ್ಟ ಚಿಪ್ ಮತ್ತೊಂದನ್ನು ನಾನು ಕಾಣೆ.

2011ರ ಜನವರಿಯ ಐ5-2500ಕೆ ಬೇರೆಯದೇ ರುಚಿ ಕಲಿಸಿತು. ಅಲ್ಲಿ ಬಸ್ ಮುಟ್ಟುವಂತಿಲ್ಲ, ಮಲ್ಟಿಪ್ಲೈಯರ್‌ಗೆ ಬೀಗವಿಲ್ಲ. 3.3 ಗಿಗಾಹರ್ಟ್ಸ್‌ನ ಚಿಪ್ ಒಳ್ಳೆಯ ಏರ್ ಕೂಲರ್ ಕೆಳಗೆ 4.5ರಲ್ಲಿ ಆರಾಮವಾಗಿ ನಿಲ್ಲುತ್ತಿತ್ತು. ಇಲ್ಲಿ ಆಸ್ವಾದಿಸಬೇಕಾದದ್ದು ವೋಲ್ಟೇಜಿನ ಏರಿಕೆಯ ಆಕಾರವನ್ನು. ಶಾಖವು ಗಡಿಯಾರದ ವೇಗದೊಂದಿಗೆ ನೇರವಾಗಿ, ವೋಲ್ಟೇಜಿನ ವರ್ಗದೊಂದಿಗೆ ಏರುತ್ತದೆ. 3.3ರಿಂದ 4.5ಕ್ಕೆ ಹೋಗುವಾಗ 1.2 ವೋಲ್ಟ್ 1.35 ಆದರೆ ಲೆಕ್ಕದ ಪ್ರಕಾರ ಶಾಖ ಸುಮಾರು 70 ಶೇಕಡಾ ಹೆಚ್ಚು. ಮೊದಲ ಕೆಲವು ಮೆಟ್ಟಿಲುಗಳಲ್ಲಿ ಚಿಪ್ ಏನನ್ನೂ ಕೇಳುವುದಿಲ್ಲ. ಆಮೇಲೆ ಚೂರು ಕೇಳುತ್ತದೆ. ಒಂದು ಹಂತ ದಾಟಿದ ಮೇಲೆ ಒಂದೊಂದು ನೂರು ಮೆಗಾಹರ್ಟ್ಸ್‌ಗೂ ಕಂದಾಯ ವಸೂಲಿ ಮಾಡಿದಂತೆ ವೋಲ್ಟೇಜ್ ಎಳೆಯುತ್ತದೆ. ಆ ತಿರುವಿಗೆ ಒಂದು ಮೆಟ್ಟಿಲು ಕೆಳಗೆ ನಿಲ್ಲಿಸುವವನೇ ನನ್ನ ಲೆಕ್ಕದಲ್ಲಿ ರಸಿಕ. ಹವೆಯೂ ಇದರಲ್ಲಿ ಪಾಲುದಾರ: ಮಡಿಕೇರಿಯ ಡಿಸೆಂಬರ್ ರಾತ್ರಿಯಲ್ಲಿ ಗಟ್ಟಿಯಾಗಿ ನಿಂತ ಅಂಕಿಗಳು ರಾಯಚೂರಿನ ಏಪ್ರಿಲ್ ಮಧ್ಯಾಹ್ನದಲ್ಲಿ ನಿಲ್ಲುತ್ತವೆಂಬ ಖಾತರಿ ಇಲ್ಲ. ನಮ್ಮ ಕಡೆ ಪರೀಕ್ಷೆ ಮಾಡುವುದಾದರೆ ಬೇಸಿಗೆಯಲ್ಲೇ ಮಾಡಬೇಕು.

ದ್ರವ ಸಾರಜನಕ ಸುರಿದು ಮೈನಸ್ 196 ಡಿಗ್ರಿಯ ಸಾಹಸ ಮಾಡುವವರೂ ಇದ್ದಾರೆ. ಎಲ್ಮೋರ್ ಎಂಬ ಹೆಸರಿನಿಂದ ಪರಿಚಿತರಾದ ಸ್ವೀಡನ್ನಿನ ಓವರ್‌ಕ್ಲಾಕರ್ 2022ರಲ್ಲಿ ಐ9-13900ಕೆ ಚಿಪ್ಪನ್ನು 9 ಗಿಗಾಹರ್ಟ್ಸ್ ದಾಟಿಸಿದರು. ಆ ಕೈಚಳಕಕ್ಕೆ ನನ್ನ ನಮಸ್ಕಾರ. ಆದರೆ ಕೆಲವೇ ಕ್ಷಣ ನಿಲ್ಲುವ ಅಂಕಿಗಿಂತ ವರ್ಷಗಟ್ಟಲೆ ನಿಲ್ಲುವ ಅಂಕಿಯೇ ನನಗೆ ಇಷ್ಟ.

ಇನ್ನು ಮೆಮೊರಿ. ಸೂಕ್ಷ್ಮ ನಾಲಿಗೆಯವರು ಕೊನೆಗೆ ಬಂದು ಸೇರುವುದು ಇಲ್ಲಿಗೇ. ಅಂಗಡಿಯಲ್ಲಿ ಎಲ್ಲರೂ ನೋಡುವುದು 3200, 3600 ಎಂಬ ದೊಡ್ಡ ಅಂಕಿಯನ್ನು. ಅದರ ಕೆಳಗೆ ಸಣ್ಣಕ್ಷರದಲ್ಲಿ ಟೈಮಿಂಗ್ ಇರುತ್ತದೆ. ಎಸ್.ಪಿ. ರೋಡಿನ ಅಂಗಡಿಯಲ್ಲಿ "ಅಣ್ಣಾ, ಸ್ಟಿಕರ್ ಒಂದ್ಸಲ ತೋರಿಸಿ" ಎಂದು ಕೇಳಿ ಅದನ್ನೇ ಓದುವ ಗಿರಾಕಿ ಕಂಡರೆ ಅವನು ನಮ್ಮವನು ಎಂದು ಗೊತ್ತಾಗುತ್ತದೆ. ಡಿಡಿಆರ್4-3200ರಲ್ಲಿ ಸಿಎಲ್16 ಎಂದರೆ 10 ನ್ಯಾನೋಸೆಕೆಂಡ್ ಕಾಯುವಿಕೆ. 3600ರಲ್ಲಿ ಸಿಎಲ್18 ಎಂದರೂ ಅದೇ 10. ಅದೇ 3200ರಲ್ಲಿ ಸಿಎಲ್14 ಸಿಕ್ಕರೆ 8.75. ಆ ಸ್ಟಿಕರಿನ ಮೇಲೆ 14-14-14-34 ಎಂದಿದ್ದರೆ ಒಳಗಿರುವುದು ಸ್ಯಾಮ್‌ಸಂಗ್‌ನ ಬಿ-ಡೈ ಎಂಬ ಮೆಮೊರಿ ಚಿಪ್ ಎಂದು ಬಹುಮಟ್ಟಿಗೆ ಧೈರ್ಯವಾಗಿ ಹೇಳಬಹುದು. ಡಿಡಿಆರ್4 ಕಾಲದಲ್ಲಿ ಅದಕ್ಕೆ ಸಾಟಿ ಇರಲಿಲ್ಲ. ವೋಲ್ಟೇಜ್ ಕೊಟ್ಟಷ್ಟೂ ಟೈಮಿಂಗ್ ಬಿಗಿಯಾಗುತ್ತಾ ಬರುವ ಗುಣ ಅದರದು.

ಮೆಮೊರಿಯ ಒಂದೊಂದು ಬಿಟ್ಟಿಗೂ ಒಂದು ಟ್ರಾನ್ಸಿಸ್ಟರ್, ಒಂದು ಕೆಪ್ಯಾಸಿಟರ್. ಐಬಿಎಂನ ರಾಬರ್ಟ್ ಡೆನಾರ್ಡ್ 1960ರ ದಶಕದಲ್ಲಿ ಕಂಡುಕೊಂಡ ಸರಳ ಜೋಡಿ. ಆ ಕೆಪ್ಯಾಸಿಟರ್ ಸೋರುವ ಕೊಡ. ಅದಕ್ಕೇ 64 ಮಿಲಿಸೆಕೆಂಡಿನೊಳಗೆ ಎಲ್ಲವನ್ನೂ ಒಂದು ಸುತ್ತು ಮತ್ತೆ ತುಂಬಬೇಕು. 7.8 ಮೈಕ್ರೋಸೆಕೆಂಡಿಗೊಮ್ಮೆ ಮೆಮೊರಿ ಕೆಲಸ ನಿಲ್ಲಿಸಿ ಒಂದು ಪಾಲು ತುಂಬಿಸಿಕೊಳ್ಳುತ್ತದೆ. 8 ಗಿಗಾಬಿಟ್ ಚಿಪ್‌ಗೆ ಪ್ರತಿಸಲವೂ 350 ನ್ಯಾನೋಸೆಕೆಂಡ್ ಬಿಡಬೇಕೆಂದು ನಿಯಮ. ಅಂದರೆ ಮೆಮೊರಿಯ ಸಮಯದಲ್ಲಿ ಸುಮಾರು 4.5 ಶೇಕಡಾ ಬರೀ ತುಂಬುವುದಕ್ಕೇ ಹೋಯಿತು. ಒಳ್ಳೆಯ ಬಿ-ಡೈ ಈ 350ರ ಜಾಗದಲ್ಲಿ 160ರ ಆಸುಪಾಸಿನಲ್ಲೂ ಕೆಲಸ ಮುಗಿಸುತ್ತದೆ. ಇಂಟೆಲ್ ಬೋರ್ಡುಗಳಲ್ಲಿ ತುಂಬುವ ಮಧ್ಯಂತರವನ್ನೂ ಹಿಗ್ಗಿಸಬಹುದು. 3600ರಲ್ಲಿ ಗರಿಷ್ಠ 65535 ಮಿಡಿತಕ್ಕೆ ಇಟ್ಟರೆ ಅದು 36 ಮೈಕ್ರೋಸೆಕೆಂಡ್ ದಾಟುತ್ತದೆ, ತುಂಬುವ ಪಾಲು ಅರ್ಧ ಶೇಕಡಾಕ್ಕಿಂತ ಕೆಳಗಿಳಿಯುತ್ತದೆ. ಕೊಡ ಅಷ್ಟು ಹೊತ್ತು ನೀರು ಹಿಡಿದಿಟ್ಟುಕೊಳ್ಳುತ್ತದೆಯೇ ಎಂಬುದೇ ಪ್ರಶ್ನೆ. ಬಿಸಿ ಏರಿದಷ್ಟೂ ಸೋರಿಕೆ ಹೆಚ್ಚು. ಹೀಗೆ ಬಿಗಿ ಮಾಡಿದ ಬಿ-ಡೈ 50 ಡಿಗ್ರಿಯ ಹತ್ತಿರ ಬಂತೆಂದರೆ ತಪ್ಪು ಲೆಕ್ಕ ಕಾಣಿಸತೊಡಗುತ್ತದೆ. ರ‍್ಯಾಮ್ ಕಡ್ಡಿಗಳ ಮೇಲೆ ಸಣ್ಣ ಫ್ಯಾನ್ ಒಂದನ್ನು ಕಟ್ಟಿದ ಕೇಸ್ ಕಂಡರೆ ಅದು ಅಲಂಕಾರಕ್ಕಲ್ಲ ಎಂದು ತಿಳಿಯಿರಿ.

ಒಂದು ಅಂಕಿ ಬದಲಿಸಿ ಸೇವ್ ಮಾಡಿದ ಮೇಲಿನ ಹೊತ್ತು ನನಗೆ ಅತ್ಯಂತ ಪ್ರಿಯ. ಬೋರ್ಡ್ ತಾನೇ ಆರುತ್ತದೆ, ತಾನೇ ಹೊತ್ತಿಕೊಳ್ಳುತ್ತದೆ, ಮತ್ತೆ ಆರುತ್ತದೆ. ಪ್ರೊಸೆಸರ್ ಮತ್ತು ರ‍್ಯಾಮ್ ಒಂದನ್ನೊಂದು ಅಳೆದು ಹೊಂದಿಸಿಕೊಳ್ಳುವ ಟ್ರೈನಿಂಗ್ ಅದು. ಮೂಲೆಯ ಎರಡಂಕಿಯ ಡಿಸ್‌ಪ್ಲೇಯಲ್ಲಿ ಕೋಡುಗಳು ಸರಸರನೆ ಓಡುತ್ತವೆ, ಒಂದರ ಬಳಿ ತಡೆಯುತ್ತವೆ, ಮುಂದಕ್ಕೆ ಹೋಗುತ್ತವೆ. ವಿಂಡೋಸ್ ಬಂದರೂ ಗೆದ್ದಂತಲ್ಲ. ಮೆಮ್‌ಟೆಸ್ಟ್86 ಇಡೀ ರಾತ್ರಿ ಓಡಬೇಕು. ಮೆಮೊರಿಯ ತಪ್ಪು ಸದ್ದಿಲ್ಲದೆ ಡಿಸ್ಕಿಗೂ ಇಳಿಯುತ್ತದೆ. ಮನೆಯವರ ಫೋಟೊ, ಅಂಗಡಿಯ ಲೆಕ್ಕ ಇರುವ ಯಂತ್ರದಲ್ಲಿ ಪರೀಕ್ಷೆ ಮುಗಿಯದ ಟೈಮಿಂಗ್ ಇಟ್ಟು ಓಡಿಸಬಾರದು. ಈ ಮಾತಿನಲ್ಲಿ ನಾನು ಕಟ್ಟುನಿಟ್ಟು.

ಈಗಿನ ಪ್ರೊಸೆಸರ್‌ಗಳು ತಮ್ಮ ಬಿಸಿ, ಕರೆಂಟು ನೋಡಿಕೊಂಡು ತಾವೇ ವೇಗ ಏರಿಸಿಕೊಳ್ಳುತ್ತವೆ. ಬಿಡುವಿನ ಬಹುಪಾಲನ್ನು ಕಾರ್ಖಾನೆಯೇ ಬಳಸಿ ಮುಗಿಸಿರುತ್ತದೆ. 300ಎಯಂಥ ಐವತ್ತು ಶೇಕಡಾದ ಕಾಲ ಹೋಯಿತು. ನನಗೆ ಅದರ ಕೊರಗಿಲ್ಲ, ಏಕೆಂದರೆ ಉಳಿದಿರುವ ಚೂರು ಇನ್ನಷ್ಟು ನಾಜೂಕಾಗಿದೆ. ರೈಜನ್ 5000 ಸರಣಿಯೊಂದಿಗೆ ಬಂದ ಕರ್ವ್ ಆಪ್ಟಿಮೈಜರ್‌ನಲ್ಲಿ ಒಂದೊಂದು ಕೋರಿಗೂ ಬೇರೆ ಬೇರೆಯಾಗಿ ವೋಲ್ಟೇಜ್ ಇಳಿಸಬಹುದು. ಒಂದು ಮೆಟ್ಟಿಲೆಂದರೆ ಬರೀ 3ರಿಂದ 5 ಮಿಲಿವೋಲ್ಟ್. ಚಿಪ್ಪಿನ ಅತ್ಯುತ್ತಮ ಕೋರುಗಳೇ ಇಲ್ಲಿ ಹಲವು ಸಲ ಮೊದಲು ಒಲ್ಲೆವೆಂದು ತಲೆಯಾಡಿಸಿಬಿಡುತ್ತವೆ, ಏಕೆಂದರೆ ಅವುಗಳನ್ನು ಕಾರ್ಖಾನೆ ಆಗಲೇ ಬಿಗಿ ಮಾಡಿರುತ್ತದೆ. ಹಿಂದಿನ ಬೆಂಚಿನ ಕೋರುಗಳು 25, 30 ಮೆಟ್ಟಿಲು ಇಳಿದರೂ ನಿರಾಳವಾಗಿರುತ್ತವೆ. 5800ಎಕ್ಸ್ ಇದ್ದವರು ಎಂಟು ಕೋರುಗಳನ್ನೂ ಒಂದೊಂದಾಗಿ ಪ್ರೈಮ್95ಕ್ಕೆ ಒಡ್ಡಿ, ಎಂಟು ಅಂಕಿಗಳನ್ನೂ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಮುಂದಿನ ಬಯೋಸ್ ಅಪ್‌ಡೇಟ್ ಅವನ್ನೆಲ್ಲ ಅಳಿಸಿಹಾಕುವ ಸಂಭವವೇ ಹೆಚ್ಚು.