ಚಾಸಿಗೆ ತಕ್ಕ ಬಾಡಿ

ನಮ್ಮ ಕಡೆ ಲಾರಿ ಮಾಡುವ ಹಳೆಯ ಮಂದಿ ‘ಲಾರಿ ತಗೊಂಡೆ’ ಅನ್ನುತ್ತಿರಲಿಲ್ಲ. ‘ಚಾಸಿ ತಂದೀನಿ, ಬಾಡಿ ಕಟ್ಟಸ್ಬೇಕು’ ಅನ್ನುತ್ತಿದ್ದರು. ಮನೆ ಕಟ್ಟುವುದಕ್ಕೂ ಲಾರಿಯ ಬಾಡಿ ಕಟ್ಟುವುದಕ್ಕೂ ನಮ್ಮಲ್ಲಿ ಒಂದೇ ಮಾತು. ಬೀದರಿನಲ್ಲಿರುವ ನನ್ನ ಸೋದರಳಿಯನೂ ಬಾಡಿ ಕಟ್ಟುತ್ತಾನೆ. ಅವನ ಬಾಡಿ ಒಂದು ಮೊಳ ಉದ್ದ, ಅಷ್ಟೇ. ಅದರಡಿ ಇರುವುದು ರಿಮೋಟಿನಿಂದ ಓಡುವ, ಕಲ್ಲು ಹತ್ತುವ ಚಾಸಿ. ಎರಡು ವರ್ಷದಲ್ಲಿ ಅದೇ ಒಂದು ಚಾಸಿಯ ಮೇಲೆ ಅವನು ಮೂರು ಬಾಡಿ ಕೂರಿಸಿದ್ದಾನೆ. ಬೀದರಿನ ಜಂಬಿಟ್ಟಿಗೆಯ ಮೇಲೆ, ಭಾಲ್ಕಿಯ ಎರೆಮಣ್ಣಿನಲ್ಲಿ, ಔರಾದಿನ ಕರಿಕಲ್ಲಿನ ದಿನ್ನೆಗಳಲ್ಲಿ ಮೂರನ್ನೂ ಓಡಿಸಿ ನೋಡಿದ್ದೇವೆ. ಆಟಿಕೆಗೆಂಥ ವಿಮರ್ಶೆ ಅನ್ನುವವರಿಗೆ ನನ್ನ ಉತ್ತರ ಇಷ್ಟೇ: ಇದರಲ್ಲೂ ಒಳ್ಳೆಯ ಕೆಲಸ, ಕೆಟ್ಟ ಕೆಲಸ ಎಂದು ಇದೆ, ಮತ್ತು ಅದನ್ನು ಗುರುತಿಸುವುದು ಅಷ್ಟು ಸುಲಭವಲ್ಲ.

ಮೊದಲು ಚಾಸಿಯ ಮಾತು. ಇದು ಆಕ್ಸಿಯಲ್ ಕಂಪನಿಯ ಎಸ್‌ಸಿಎಕ್ಸ್10 ಜಾತಿಯದು. ಮುಂದಿನ ಅಚ್ಚಿನಿಂದ ಹಿಂದಿನ ಅಚ್ಚಿಗೆ, ಅಂದರೆ ವೀಲ್‌ಬೇಸ್, 313 ಮಿಲಿಮೀಟರ್. ವೇಗ ಇದರ ಗುಣವಲ್ಲ. ನಾಲ್ಕೂ ಚಕ್ರಕ್ಕೆ ಎಳೆತ ಇದೆ, ಒಂದು ಚಕ್ರ ಕಲ್ಲು ಹತ್ತಿದರೆ ಇನ್ನೊಂದು ಗುಂಡಿಗಿಳಿಯುತ್ತದೆ, ನಡುವಿನ ಚೌಕಟ್ಟು ಮಾತ್ರ ಆದಷ್ಟು ಮಟ್ಟವಾಗಿರುತ್ತದೆ. ಡಬ್ಬಿಯ ಮೇಲೆ 1:10 ಎಂದು ಬರೆದಿರುತ್ತದೆ. ಅದನ್ನು ನಂಬಿದವನು ಕೆಟ್ಟ. 313ನ್ನು ಹತ್ತರಿಂದ ಗುಣಿಸಿದರೆ 3.13 ಮೀಟರ್. ಮಹೀಂದ್ರಾ ಥಾರ್‌ನ ವೀಲ್‌ಬೇಸ್ 2450 ಮಿ.ಮೀ., ಬೊಲೆರೊದ್ದು 2680, ಐದು ಬಾಗಿಲಿನ ಥಾರ್ ರಾಕ್ಸ್‌ದು 2850. ನಮ್ಮ ರಸ್ತೆಯ ಯಾವ ಜೀಪೂ ಹತ್ತಕ್ಕೊಂದರ ಅಳತೆಯಲ್ಲಿ ಈ ಚಾಸಿಗೆ ಒಪ್ಪುವುದಿಲ್ಲ. ಬಾಡಿ ಬದಲಿಸುವ ಹವ್ಯಾಸದ ಮುಕ್ಕಾಲು ತಪ್ಪುಗಳು ಈ ಒಂದು ಲೆಕ್ಕ ಹಾಕದೆ ಹೋಗುವುದರಿಂದಲೇ ಹುಟ್ಟುತ್ತವೆ.

ಮೊದಲನೆಯ ಬಾಡಿ ತರಿಸಿದ್ದು: ತೆಳು ಪಾಲಿಕಾರ್ಬೊನೇಟಿನ ಪಿಕಪ್. ಹವ್ಯಾಸಿಗಳು ಇದನ್ನು ಲೆಕ್ಸಾನ್ ಬಾಡಿ ಅನ್ನುತ್ತಾರೆ. ನೀರಿನ ಬಾಟಲಿಯಂತೆ ಪಾರದರ್ಶಕವಾಗಿ ಬರುತ್ತದೆ, ಬಣ್ಣ ಹೊಡೆಯಬೇಕಾದದ್ದು ಒಳಗಿನಿಂದ. ಹೊರಗೆ ಮೊದಲು ಕಾಣಬೇಕಾದ ಗೆರೆಯನ್ನು ಮೊದಲು ಹಾಕಬೇಕು, ಗಾಢ ಬಣ್ಣ ಮುಂಚೆ, ತಿಳಿ ಬಣ್ಣ ಆಮೇಲೆ, ಕೊನೆಗೆ ಬೆನ್ನಿಗೆ ಬಿಳಿ ಅಥವಾ ಬೆಳ್ಳಿ. ಬಿದರಿ ಕೆಲಸ ನೋಡಿ ಬೆಳೆದವರಿಗೆ ಇದು ತಲೆಕೆಳಗಾದ ಕಸುಬು. ಬಿದರಿಯಲ್ಲಿ ಸತುವಿನ ಪಾತ್ರೆಗೆ ಹೊರಗಿನಿಂದ ಕೊರೆದು, ಬೆಳ್ಳಿ ತಂತಿ ಬಡಿದು ಕೂರಿಸಿ, ಉಜ್ಜಿ, ಎಲ್ಲ ಮುಗಿದ ಮೇಲೆ ಕೋಟೆಯ ಮಣ್ಣು, ನವಸಾಗರ ಹಾಕಿದ ನೀರಿನಲ್ಲಿ ಕಪ್ಪು ಬರಿಸುತ್ತಾರೆ. ಅಲ್ಲಿ ಕಪ್ಪು ಕಡೆಯದು, ಇಲ್ಲಿ ಮೊದಲನೆಯದು. ಅಳಿಯ ಅವಸರದಲ್ಲಿ ಬಾಗಿಲಿಗೆ ಹೊಡೆಯುವ ಸಾದಾ ಸ್ಪ್ರೇ ಹೊಡೆದ. ಬಾಡಿ ಬಾಗಿದಾಗಲೆಲ್ಲ ಬಣ್ಣ ಹಪ್ಪಳದಂತೆ ಎದ್ದಿತು. ಈ ಪ್ಲಾಸ್ಟಿಕ್ಕಿಗೆ ಅದರದೇ ಬಣ್ಣ ಬೇಕು. ಆದರೂ ಹೇಳಲೇಬೇಕಾದದ್ದು: ಕಲ್ಲಿನ ಮೇಲೆ ಮೂರರಲ್ಲಿ ಚೆನ್ನಾಗಿ ನಡೆದದ್ದು ಇದೇ. ತೂಕ 150 ಗ್ರಾಂ, ಬಿದ್ದರೆ ಒಡೆಯುವುದಿಲ್ಲ, ನಾಲ್ಕು ಕಂಬಕ್ಕೆ ನಾಲ್ಕು ಕ್ಲಿಪ್ ಹಾಕಿದರೆ ಆಯಿತು. ನೋಡಲು ಮಾತ್ರ ಏನೂ ಇಲ್ಲ. ಕಿಟಕಿಯೂ ಬಣ್ಣ, ದೀಪವೂ ಸ್ಟಿಕ್ಕರ್.

ಎರಡನೆಯದು ಥಾರ್, 3ಡಿ ಪ್ರಿಂಟರಿನಲ್ಲಿ ತೆಗೆಸಿದ್ದು. ಇದರ ಮೇಲೆ ನನಗೆ ಸಿಟ್ಟಿದೆ. ಹತ್ತಕ್ಕೊಂದರ ಫೈಲಿನಲ್ಲಿ ವೀಲ್‌ಬೇಸ್ 245 ಮಿ.ಮೀ. ಇತ್ತು. ಚಾಸಿಗೆ ಹೊಂದಿಸಲು ಅವನು ಮಾಡಿದ್ದೇನು? ಕಂಪ್ಯೂಟರಿನಲ್ಲಿ ಉದ್ದಕ್ಕೆ ಮಾತ್ರ ಎಳೆದುಬಿಟ್ಟ. ನೂರಕ್ಕೆ 28ರಷ್ಟು ಹಿಗ್ಗಿದ ಥಾರ್! ಚಕ್ರದ ಮೇಲಿನ ಕಮಾನು ಮೊಟ್ಟೆಯಾಯಿತು, ದುಂಡು ಹೆಡ್‌ಲೈಟು ಮಾತ್ರ ಎದುರಿಗಿದ್ದದ್ದರಿಂದ ದುಂಡಾಗಿ ಉಳಿಯಿತು. ಥಾರ್‌ನ ಚೆಲುವೆಲ್ಲ ಇರುವುದು ಅದರ ಕುಳ್ಳುತನದಲ್ಲಿ. ಬಾಗಿಲು ಮುಗಿಯುವಷ್ಟರಲ್ಲಿ ಹಿಂದಿನ ಚಕ್ರ ಬಂದಿರುತ್ತದೆ, ನಡುವೆ ಎಳೆಯಲು ಜಾಗವೇ ಇಲ್ಲ. ಎಲ್ಲ ದಿಕ್ಕಿಗೂ ಸಮವಾಗಿ ಹಿಗ್ಗಿಸಿದ್ದರೆ ಅಳತೆ ಸುಮಾರು 1:7.8 ಆಗಿ ಅಗಲವೇ 23 ಸೆಂ.ಮೀ. ದಾಟುತ್ತಿತ್ತು, ಚಕ್ರಗಳು ಲಂಗದೊಳಗೆ ಸೇರಿಕೊಂಡಂತೆ ಕಾಣುತ್ತಿದ್ದವು. ನಿಜವಾಗಿ ಥಾರ್ ಬೇಕೇ ಬೇಕೆಂದರೆ ಬದಲಿಸಬೇಕಾದದ್ದು ಚಾಸಿಯನ್ನು. ಜಪಾನಿನ ತಮಿಯಾದ ಹಳೆಯ ಸಿಸಿ-01 ಚಾಸಿಯ ವೀಲ್‌ಬೇಸ್ 242 ಮಿ.ಮೀ., ಥಾರ್‌ಗೆ ಮೂರೇ ಮಿಲಿಮೀಟರ್ ಕಡಿಮೆ.

ತೂಕದ ಕಥೆ ಇನ್ನೂ ಕೆಟ್ಟದ್ದು. ಲೆಕ್ಕಕ್ಕಾಗಿ ಹೀಗೆ ಹಿಡಿಯಿರಿ: ಚಾಸಿ ಎರಡು ಕಿಲೊ, ಅದರ ಭಾರಕೇಂದ್ರ ನೆಲದಿಂದ 75 ಮಿ.ಮೀ. ಎತ್ತರ, ಎಡ ಬಲ ಚಕ್ರಗಳ ನಡುವೆ 180 ಮಿ.ಮೀ. ಬರಿಯ ಚಾಸಿ 50 ಡಿಗ್ರಿ ಓರೆಯವರೆಗೆ ಮಗುಚುವುದಿಲ್ಲ. ಲೆಕ್ಸಾನ್ ಬಾಡಿ ಕೂರಿಸಿದರೆ 48. ಆರುನೂರು ಗ್ರಾಂ ತೂಗುವ ಥಾರ್ ಕೂರಿಸಿದರೆ 43. ಏಳು ಡಿಗ್ರಿ ಏನು ಮಹಾ ಅನ್ನಬಹುದು. ಔರಾದಿನ ದಿನ್ನೆಯಲ್ಲಿ ಅದು ಹತ್ತುವುದಕ್ಕೂ ಉರುಳುವುದಕ್ಕೂ ನಡುವಿನ ಅಂತರ. ಆ ಸೀಮೆಯ ಕಲ್ಲು ಕಪ್ಪು ಬಸಾಲ್ಟ್. ಬಿಡಿಬಿಡಿಯಾಗಿ, ಕಾಲಿಟ್ಟರೆ ಜರುಗುವ ಗುಂಡುಗಳು. ಥಾರ್ ಅಲ್ಲಿ ಮೂರು ಸಲ ಮಗುಚಿತು, ಮೂರನೆಯ ಸಲ ಮುಂದಿನ ಗಾಜಿನ ಕಂಬ ಮುರಿಯಿತು. ಉಳಿದದ್ದನ್ನು ಮೇ ತಿಂಗಳಲ್ಲಿ ನನ್ನ ಕಾರಿನ ಹಿಂಗಾಜಿನಡಿ ಮರೆತು ಬಿಟ್ಟೆವು. ಪ್ರಿಂಟಿಗೆ ಬಳಸುವ ಪಿಎಲ್‌ಎ ಪ್ಲಾಸ್ಟಿಕ್ 60 ಡಿಗ್ರಿ ಶಾಖಕ್ಕೇ ಮೆತ್ತಗಾಗುತ್ತದೆ. ಸಂಜೆ ನೋಡಿದರೆ ಬಾನೆಟ್ಟು ಎಮ್ಮೆಯ ಬೆನ್ನು.

ಇನ್ನು ಮೂರನೆಯದು. ಫ್ಲೆಕ್ಸ್ ಬ್ಯಾನರ್ ಅಂಗಡಿಯಲ್ಲಿ ಸಿಗುವ ಸನ್‌ಬೋರ್ಡಿನ ತುಂಡುಗಳು, ಫೆವಿಕ್ವಿಕ್, ಪುಟ್ಟಿ, ಪಾಲಿಶ್ ಕಾಗದ. ಇಷ್ಟರಿಂದ ಕಟ್ಟಿದ ಮಹೀಂದ್ರಾ ಕಮಾಂಡರ್ ಜೀಪು. ನಲವತ್ತು ದಾಟಿದ ಬೀದರಿನವರಿಗೆ ಇದರ ಪರಿಚಯ ಬೇಕಿಲ್ಲ. ಟಂಟಂ ಬರುವ ಮುಂಚೆ ಹಳ್ಳಿಗೂ ಊರಿಗೂ ನಡುವೆ ಓಡಿದ್ದು ಇದೇ. ಹಿಂದೆ ಎದುರುಬದುರು ಎರಡು ಉದ್ದ ಸೀಟು, ಮೇಲೆ ತಾಡಪತ್ರಿ, ಹಿಂದಿನ ಫುಟ್‌ಬೋರ್ಡಿನ ಮೇಲೆ ನಾಲ್ಕು ಜನ. ಅಳಿಯ ಇದರಲ್ಲಿ ಕುಳಿತವನಲ್ಲ. ಭಾಲ್ಕಿಯ ಗ್ಯಾರೇಜೊಂದರ ಹಿಂದೆ ತುಕ್ಕು ಹಿಡಿದು ನಿಂತಿದ್ದ ಒಂದನ್ನು ಟೇಪು ಹಿಡಿದು ಅಳೆದು ಬಂದ.

ಇದರಲ್ಲಿ ಅವನು ಮಾಡಿದ ಒಂದು ಕೆಲಸಕ್ಕೆ ನಾನು ತಲೆಬಾಗುತ್ತೇನೆ. ಮುಂಭಾಗ, ಬಾನೆಟ್ಟು, ಡ್ರೈವರಿನ ಜಾಗ ಎಲ್ಲವನ್ನೂ ಒಂಬತ್ತಕ್ಕೊಂದರ ಅಳತೆಗೆ ಕತ್ತರಿಸಿದ. ಆಗಲೂ ಚಾಸಿಗೆ ಒಂದು ಬೆರಳಗಲ ಸಾಲಲಿಲ್ಲ. ಆ ಬೆರಳಗಲವನ್ನು ಡ್ರೈವರಿನ ಬೆನ್ನಿಗೂ ಹಿಂದಿನ ಚಕ್ರಕ್ಕೂ ನಡುವೆ, ಉದ್ದ ಸೀಟಿರುವಲ್ಲಿ ಸೇರಿಸಿದ. ಆ ಭಾಗ ಮೊದಲೇ ಬರಿಯ ಪೆಟ್ಟಿಗೆ, ನೇರ ತಗಡು, ಮೇಲೆ ತಾಡಪತ್ರಿ. ಅಲ್ಲಿ ಉದ್ದವಾದದ್ದು ಕಣ್ಣಿಗೆ ಬೀಳುವುದಿಲ್ಲ. ಕೇಳಿದರೆ, ‘ಮಾಮಾ, ಇನ್ನೊಬ್ಬರು ಕುಂಡ್ರಲಿಕ್ಕೆ ಜಾಗ ಆಯ್ತು ನೋಡ್ರಿ’ ಅಂದ. ಎಳೆದರೆ ಕೆಡುವ ಬಾಡಿ ಯಾವುದು, ಎಳೆತ ನುಂಗಿಕೊಳ್ಳುವ ಬಾಡಿ ಯಾವುದು ಎಂದು ತಿಳಿಯುವುದೇ ಈ ಕಸುಬಿನ ಹದ. ಜೀಪಿನ ಮುಂದಿನ ಮಡ್‌ಗಾರ್ಡು ಚಪ್ಪಟೆಯಾದ್ದರಿಂದ ಚಕ್ರ ಮೇಲೆದ್ದಾಗ ಉಜ್ಜುವುದೂ ಕಡಿಮೆ. ಥಾರ್‌ಗೆ ಕಮಾನು ಕೊಯ್ಯಬೇಕಾಗಿತ್ತು, ಇದಕ್ಕೆ ಬ್ಲೇಡು ಸೋಕಿಸಲಿಲ್ಲ. ಕ್ಲಿಪ್ಪಿನ ಕಂಬಗಳು ಬಾನೆಟ್ಟಿನಿಂದ ತಲೆ ಹಾಕದ ಹಾಗೆ ಮುಂದೆ ಒಂದು ಬಿಜಾಗರಿ, ಹಿಂದೆ ಎರಡು ಅಯಸ್ಕಾಂತ. ಬ್ಯಾಟರಿ ಬದಲಿಸಲು ಬಾಡಿಯನ್ನು ಪೆಟ್ಟಿಗೆಯ ಮುಚ್ಚಳದಂತೆ ಎತ್ತಿದರಾಯಿತು. ತೂಕ ಥಾರ್‌ನ ಅರ್ಧ.

ತಪ್ಪುಗಳೂ ಇವೆ. ಭಾಲ್ಕಿಯ ಜೀಪನ್ನು ಅಳೆದು ಬಂದು ನಂಬರ್ ಪ್ಲೇಟಿಗೆ ಬೀದರಿನ ಕೆಎ-38 ಬರೆದಿದ್ದ. ಭಾಲ್ಕಿಯದು ಕೆಎ-39 ಎಂದು ನಾನು ಜಗಳವಾಡಿ ಬದಲಿಸಿದೆ. ಬಣ್ಣ ತೀರಾ ಹೊಸದು, ಮದುವೆಗೆ ಹೊರಟ ಜೀಪಿನಂತಿದೆ. ಎಲ್ಲಕ್ಕಿಂತ ದೊಡ್ಡ ಸಮಸ್ಯೆ ಕ್ಯಾರಿಯರಿನದು. ಮೇಲೆ ಗೋಣಿಚೀಲ ಇಲ್ಲದ ಕಮಾಂಡರ್ ನಮ್ಮ ಕಡೆಯದಲ್ಲ. ಅವನು ಪುಟ್ಟ ಚೀಲ ಹೊಲಿದು ನಿಜವಾದ ತೊಗರಿಯನ್ನೇ ತುಂಬಿ ಮೇಲೆ ಕಟ್ಟಿದ. ಬೀದರಿನ ಜಂಬಿಟ್ಟಿಗೆಯ ಮೇಲೆ ಸರಿಯಾಗೇ ಇತ್ತು. ಆ ಕೆಂಪು ಕಲ್ಲು ತೂತುತೂತಾಗಿ ಒರಟಾಗಿರುವುದರಿಂದ ರಬ್ಬರಿಗೆ ಗಟ್ಟಿ ಹಿಡಿತ ಕೊಡುತ್ತದೆ. ಭಾಲ್ಕಿ ತಾಲ್ಲೂಕಿನಲ್ಲಿ ಕಾರಂಜಾ ಹಿನ್ನೀರಿನ ಅಂಚಿಗೆ ಒಯ್ದಾಗ ಎರೆಮಣ್ಣು ಚಕ್ರಕ್ಕೆ ಮೆತ್ತಿ ಚಕ್ರಗಳೇ ಲಾಡುಂಡೆಯಾದವು, ಏರಿಯ ಓರೆಯಲ್ಲಿ ಜೀಪು ನಿಧಾನವಾಗಿ, ನಿಜವಾದದ್ದರಂತೆಯೇ, ಪಕ್ಕಕ್ಕೆ ಮಲಗಿತು. ಈಗ ಚೀಲದಲ್ಲಿರುವುದು ಥರ್ಮಕೋಲ್. ಇದು ಮೋಸವಲ್ಲವೇ ಎಂದು ಅವನಿಗೇ ಅಳುಕು. ನನ್ನ ಪ್ರಕಾರ ಅಲ್ಲ. ಕಣ್ಣಿಗೆ ಭಾರ ಕಾಣಬೇಕು, ಚಾಸಿಗೆ ತಾಕಬಾರದು.

ದೊಡ್ಡ ಗಾಡಿಗೆ ಹೀಗೆ ಬೇಕಾದಂತೆ ಬಾಡಿ ಬದಲಿಸುವ ಸ್ವಾತಂತ್ರ್ಯವಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ತಯಾರಕರು ಕೊಟ್ಟ ವಿವರಕ್ಕೆ ಹೊಂದದಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಒಂದು ಮೊಳದ ಜೀಪಿಗೆ ಆರ್‌ಟಿಒ ಇಲ್ಲ, ಇಳಿಜಾರೇ ಅದರ ಇನ್‌ಸ್ಪೆಕ್ಟರ್.

ನನ್ನ ತೀರ್ಪು: ಕಲ್ಲು ಹತ್ತುವುದಷ್ಟೇ ಬೇಕಿದ್ದರೆ ಲೆಕ್ಸಾನ್. ಥಾರ್ ಕಪಾಟಿಗೆ, ಅದೂ ಬಿಸಿಲು ಬೀಳದ ಕಪಾಟಿಗೆ. ಕಟ್ಟಿದ್ದು ಎಂದು ಕರೆಯಬಹುದಾದದ್ದು ಸನ್‌ಬೋರ್ಡಿನ ಕಮಾಂಡರ್ ಒಂದೇ. ನೀವೂ ಈ ಹವ್ಯಾಸಕ್ಕೆ ಇಳಿಯುವವರಿದ್ದರೆ ಬಾಡಿಯ ಚಿತ್ರ ನೋಡಿ ದುಡ್ಡು ಕಟ್ಟಬೇಡಿ. ಮೊದಲು ಚಾಸಿಯನ್ನು ಮೇಜಿನ ಮೇಲಿಟ್ಟು, ಅಚ್ಚಿನಿಂದ ಅಚ್ಚಿಗೆ ಪಟ್ಟಿ ಹಿಡಿದು, ಬಂದ ಅಂಕಿಯನ್ನು ಗೋಡೆಯ ಮೇಲೆ ಬರೆದುಕೊಳ್ಳಿ.